ದೂರದಿಂದ ನುಡಿಸಿದ ಗೋವೆ

ಕ್ಯಾಸಲ್‌ರಾಕ್ ನಿಲ್ದಾಣವನ್ನು ದಾಟುತ್ತಿದ್ದಂತೆ ರೈಲಿನ ಸದ್ದು ಬದಲಾಗುತ್ತದೆ. ಲೋಂಡಾದಿಂದ ಅಲ್ಲಿಯವರೆಗೆ ಒಂದೇ ಲಯದಲ್ಲಿ ಓಡಿಬಂದ ಗಾಡಿ ಘಟ್ಟದ ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದು, ಗಾಲಿಗಳನ್ನು ಅದುಮಿಕೊಂಡು, ಹೆಜ್ಜೆಹೆಜ್ಜೆಯಾಗಿ ಇಳಿಯತೊಡಗುತ್ತದೆ. ಮೂವತ್ತೇಳು ಅಡಿ ಸಾಗಿದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಹಾದಿ ಇದು. ಸುರಂಗದ ಕತ್ತಲೆ, ಕಾಡಿನ ಹಸಿರು, ಮತ್ತೆ ಸುರಂಗ. ನಡುವೆ ಒಮ್ಮೆಲೆ ದೂಧಸಾಗರದ ಬಿಳಿಯ ಧಾರೆ. ಬೋಗಿಯ ಮಕ್ಕಳೆಲ್ಲ ಒಂದೇ ಬದಿಯ ಕಿಟಕಿಗಳಿಗೆ ಮುಗಿಬೀಳುತ್ತಾರೆ.

ರಜೆ ಮುಗಿಸಿ ವಾಸ್ಕೋಗೆ, ಝುವಾರಿನಗರಕ್ಕೆ, ಬೈನಾಕ್ಕೆ ಮರಳುವ ಕನ್ನಡ ಕುಟುಂಬಗಳಿಗೆ ಈ ಹಾದಿಯ ತಿರುವುಗಳೆಲ್ಲ ಪರಿಚಿತ. ಬುತ್ತಿಯ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕಾಲಬುಡದ ಚೀಲದಲ್ಲಿ ಊರಿನ ಅಕ್ಕಿ, ಬೆಲ್ಲ. ಎದುರಿನ ಆಸನದಲ್ಲಿ ಕುಳಿತ ಅಜ್ಜಿಯೊಬ್ಬಳು ಮಗುವನ್ನು ಮಾತಿಗೆಳೆಯುವುದೂ ಪ್ರತಿ ಪ್ರಯಾಣದಲ್ಲಿ ನಡೆಯುವ ಸಂಗತಿಯೇ.

"ನಿಮ್ಮೂರು ಯಾವುದವ್ವಾ, ತಂಗಿ?"

"ವಾಸ್ಕೋ," ಎನ್ನುತ್ತದೆ ಮಗು.

"ಅಲ್ರೀ ಅಜ್ಜಿ, ನಮ್ಮೂರು ಬಾದಾಮಿ ಹತ್ರ ಐತ್ರಿ," ಎಂದು ತಾಯಿ ತಿದ್ದುತ್ತಾಳೆ.

ಇಬ್ಬರ ಮಾತೂ ಸುಳ್ಳಲ್ಲ. ಹುಟ್ಟಿದ ಊರು ಒಂದು, ಮನೆಯವರ ಬಾಯಲ್ಲಿ ‘ನಮ್ಮೂರು’ ಎನಿಸಿಕೊಂಡದ್ದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಹೇಗೆ ಹೇಳಬೇಕೆಂಬುದು ಮಗುವಿಗಂತೂ ತಿಳಿಯದು. ಎಷ್ಟೋ ಸಲ ದೊಡ್ಡವರಿಗೂ ತಿಳಿಯದು. ಅದನ್ನು ಮಾತಿನಲ್ಲಿ ಹೇಳದೆ ಆರು ತಂತಿಗಳ ಮೇಲೆ ಹೇಳಿದ ಕಲಾವಿದರೊಬ್ಬರಿದ್ದರು. ಅವರು ಗೋವೆಯ ಕುಲದವರು; ಹುಟ್ಟಿದ್ದು ಮುಂಬಯಿಯಲ್ಲಿ, ಹೆಸರು ಮಾಡಿದ್ದು ಲಂಡನ್ನಿನಲ್ಲಿ. ಹೆಸರು ಅಮಾನ್ಸಿಯೊ ಡಿಸಿಲ್ವಾ.

ಅವರ ಗಿಟಾರ್ ಎಂಥ ನೆಲದ ಫಲವೆಂಬುದನ್ನು ಅರಿಯಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಈ ರೈಲಿನಲ್ಲೇ ಕುಳಿತು, ಘಟ್ಟವಿಳಿದ ಮೇಲಿನ ನಿಲ್ದಾಣಗಳ ಹೆಸರುಗಳನ್ನು ಗಮನಿಸಿದರೆ ಸಾಕು.

ಕುಳೆಂ ದಾಟಿದ ಮೇಲೆ ಸಾವರ್ಡೆಂ ಬರುತ್ತದೆ. ಅದಿರಿನ ಕೆಂಪು ಧೂಳು ಮೆತ್ತಿದ ಈ ನಿಲ್ದಾಣಕ್ಕೆ ಅಂಟಿಕೊಂಡಂತೆ ಕುಡ್ಚಡೆಂ ಪೇಟೆಯಿದೆ. ಫ್ರ್ಯಾಂಕ್ ಫರ್ನಾಂಡ್ ಎಂಬ ತುತ್ತೂರಿ ವಾದಕರು ಇಲ್ಲಿಯವರು. ಮುಂಬಯಿಯ ಜಾಝ್ ತಂಡಗಳಲ್ಲಿ ನುಡಿಸಿ, ಹಿಂದಿ ಚಿತ್ರಸಂಗೀತದಲ್ಲಿ ದುಡಿದು, 1963ರಲ್ಲಿ ‘ಆಮ್ಚೆಂ ನೊಶೀಬ್’, 1966ರಲ್ಲಿ ‘ನಿರ್ಮೋಣ್’ ಎಂಬ ಕೊಂಕಣಿ ಚಿತ್ರಗಳನ್ನು ನಿರ್ಮಿಸಿದವರು. ಮುಂದಿನದು ಚಾಂದರ್. ಗೋವೆಯ ಕದಂಬರ ಹಳೆಯ ರಾಜಧಾನಿ ಚಂದ್ರಪುರವೆಂದರೆ ಇದೇ ಊರು. ಬಳಿಕ ಮಡಗಾಂವ್. ಕೊಂಕಣಿ ಹಾಡಿಗೆ ಜಾಝ್‌ನ ಕಸುವು ತುಂಬಿ, ಲೋರ್ನಾ ಅವರ ಕಂಠದ ಮೂಲಕ ಅದನ್ನು ಮನೆಮನೆಗೆ ಮುಟ್ಟಿಸಿದ ಕ್ರಿಸ್ ಪೆರಿಯವರ ಊರು. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಾಜೊರ್ಡಾ. ಅಮಿತಾಭ್ ಬಚ್ಚನ್ ಕುಣಿದ 1977ರ ಚಲನಚಿತ್ರದ ಹಾಡಿನಿಂದಾಗಿ ಆಂಥೊನಿ ಗೊನ್ಸಾಲ್ವಿಸ್ ಎಂಬ ಹೆಸರು ದೇಶಕ್ಕೆಲ್ಲ ಗೊತ್ತು. ಆ ಹೆಸರಿನ ನಿಜವಾದ ಒಡೆಯರು 1927ರಲ್ಲಿ ಮಾಜೊರ್ಡಾದಲ್ಲಿ ಹುಟ್ಟಿದ ಪಿಟೀಲು ವಾದಕರು. ಆ ಚಿತ್ರಕ್ಕೆ ಸಂಗೀತ ನೀಡಿದ ಜೋಡಿಯಲ್ಲಿ ಒಬ್ಬರಾದ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗುರುಗಳು. ಭಾರತೀಯ ರಾಗಗಳನ್ನು ಪಾಶ್ಚಾತ್ಯ ವಾದ್ಯಮೇಳಕ್ಕೆ ಒಗ್ಗಿಸಬೇಕೆಂಬ ಹಂಬಲದಿಂದ ಅವರು 1958ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿದರು.

ಒಂದೇ ಹಳಿಯ ಮೇಲೆ, ಒಂದೆರಡು ಗಂಟೆಯ ದಾರಿಯೊಳಗೆ, ಇಷ್ಟೊಂದು ಸಂಗೀತಗಾರರು. ಇದು ಆಕಸ್ಮಿಕವಲ್ಲ. ಪೋರ್ಚುಗೀಸರ ಆಳ್ವಿಕೆಯಲ್ಲಿ ಗೋವೆಯ ಇಗರ್ಜಿಗಳಿಗೆ ಅಂಟಿಕೊಂಡು ಶಾಲೆಗಳಿದ್ದವು. ಅಲ್ಲಿ ‘ಮೆಸ್ತ್ರಿ’ ಎನಿಸಿಕೊಂಡ ಸಂಗೀತದ ಗುರು ಹಳ್ಳಿಯ ಮಕ್ಕಳಿಗೆ ಸ್ವರಲಿಪಿ ಓದುವುದನ್ನೂ ಪಿಟೀಲು ಹಿಡಿಯುವುದನ್ನೂ ಕಲಿಸುತ್ತಿದ್ದನು. ಗದ್ದೆ ಕೆಲಸದ ಮನೆಯ ಹುಡುಗನೂ ಕಾಗದದ ಮೇಲಿನ ಸ್ವರಗಳನ್ನು ಪುಸ್ತಕದಂತೆ ಓದಬಲ್ಲವನಾಗುತ್ತಿದ್ದನು. ಆದರೆ ಕಲಿತ ವಿದ್ಯೆಗೆ ಊರಿನಲ್ಲಿ ಅನ್ನವಿರಲಿಲ್ಲ. ಆದ್ದರಿಂದ ಗೋವೆಯ ವಾದಕರು ಹಡಗು ಹತ್ತಿದರು. 1880ರ ದಶಕದಲ್ಲಿ ಹಾಕಲಾದ ಇದೇ ಹಳಿಯ ಮೇಲೆ ಘಟ್ಟ ಹತ್ತಿ ಮುಂಬಯಿಗೆ ಹೋದರು. ಅಲ್ಲಿ ಒಂದೊಂದು ಹಳ್ಳಿಯವರು ತಮ್ಮ ತಮ್ಮವರಿಗಾಗಿ ‘ಕೂಡ್’ ಎಂಬ ತಂಗುಮನೆಗಳನ್ನು ನಡೆಸುತ್ತಿದ್ದರು. ಗೋಡೆಗೊರಗಿಸಿದ ಟ್ರಂಕುಗಳ ಸಾಲು, ಸಂಜೆಯ ಸಾಮೂಹಿಕ ಪ್ರಾರ್ಥನೆ, ಊರಿನ ಸುದ್ದಿ. ಇಂದು ಬಾಗಲಕೋಟೆ, ಗದಗ, ಕೊಪ್ಪಳ ಕಡೆಯ ಕುಟುಂಬಗಳು ದುಡಿಮೆಗಾಗಿ ಗೋವೆಗೆ ಇಳಿದುಬರುವ ಹಾದಿಯಲ್ಲೇ ಅಂದು ಗೋವೆಯವರು ದುಡಿಮೆಗಾಗಿ ಹತ್ತಿಹೋದರು. ಹಳಿ ಒಂದೇ, ದಿಕ್ಕು ಮಾತ್ರ ಬೇರೆ.

ಹಾಗೆ ಹೋದವರ ಮಗನಾಗಿ ಅಮಾನ್ಸಿಯೊ 1936ರಲ್ಲಿ ಮುಂಬಯಿಯಲ್ಲಿ ಜನಿಸಿದರು. ತಂದೆತಾಯಿಗಳಿಗೆ ಗೋವೆ ಬಿಟ್ಟುಬಂದ ಮನೆ; ಮಗನಿಗೆ ಅದು ಮನೆಯವರ ಮಾತಿನಲ್ಲಿ, ಊಟದಲ್ಲಿ, ಹಾಡಿನಲ್ಲಿ ಉಳಿದ ಊರು. ಗಿಟಾರ್ ಹಿಡಿದ ಅವರು ಮುಂಬಯಿ ಮೊದಲಾದ ನಗರಗಳ ಹೋಟೆಲುಗಳಲ್ಲಿ ಜಾಝ್ ನುಡಿಸಿದರು. ಜೈಪುರದ ಮಹಾರಾಣಿಯವರ ಆಶ್ರಯವೂ ಅವರಿಗೆ ದೊರೆಯಿತು. ಆಕೆ ಅವರಿಗೆ ಒಂದು ಗಿಬ್ಸನ್ ಗಿಟಾರನ್ನು ಕೊಡಿಸಿದರೆಂಬುದು ಅವರ ಜೀವನವೃತ್ತಾಂತಗಳಲ್ಲಿ ಬರುವ ಸಂಗತಿ. ಮುಂದೆ ಅವರ ರಚನೆಗಳಲ್ಲಿ ಒಂದಕ್ಕೆ ‘ಜೈಪುರ್’ ಎಂದೂ ಇನ್ನೊಂದಕ್ಕೆ ‘ಮಹಾರಾಣಿ’ ಎಂದೂ ಹೆಸರು ಬಂದುದು ಆ ಋಣದ ನೆನಪಿನಿಂದಲೇ ಇರಬೇಕು. 1967ರಲ್ಲಿ, ಮಗನ ಚಿಕಿತ್ಸೆಯ ಸಲುವಾಗಿ, ಐರಿಷ್ ಮೂಲದ ಪತ್ನಿಯೊಡನೆ ಅವರು ಇಂಗ್ಲೆಂಡಿಗೆ ಹೋದರು. ಕೀರ್ತಿಯನ್ನು ಅರಸಿ ಹೊರಟ ಪ್ರಯಾಣ ಅದಾಗಿರಲಿಲ್ಲ.

ಆ ದಿನಗಳ ಲಂಡನ್ ವಿದ್ಯುತ್ ಗಿಟಾರಿನ ಮಹಾನಗರಿ. 1966ರಲ್ಲಿ ಅಮೆರಿಕದಿಂದ ಬಂದಿಳಿದಿದ್ದ ಜಿಮಿ ಹೆಂಡ್ರಿಕ್ಸ್ ತನ್ನ ವಾದ್ಯವನ್ನು ಗರ್ಜಿಸುವಂತೆ, ಚೀರುವಂತೆ, ಉರಿಯುವಂತೆ ಮಾಡಿ ರಾಕ್ ಸಂಗೀತದ ದಾರಿಯನ್ನೇ ತಿರುಗಿಸಿದ್ದರು. ಇನ್ನೊಂದೆಡೆ ಬೀಟಲ್ಸ್ ತಂಡದ ಹಾಡಿನಲ್ಲಿ ಸಿತಾರ್ ಕೇಳಿಬಂದ 1965ರಿಂದೀಚೆಗೆ ಭಾರತದ ನಾದವೆಂದರೆ ಅಲ್ಲಿಯ ಯುವಜನರಿಗೆ ಒಂದು ಹುಚ್ಚು. ಗಿಟಾರ್ ಹಿಡಿದ ಭಾರತೀಯನೊಬ್ಬನಿಗೆ ಎರಡು ಸುಲಭದ ದಾರಿಗಳು ತೆರೆದಿದ್ದವು: ಸದ್ದನ್ನು ಏರಿಸಿ ರಾಕ್ ವಾದಕನಾಗುವುದು, ಇಲ್ಲವೆ ಗಿಟಾರನ್ನು ಬದಿಗಿಟ್ಟು ಸಿತಾರ್ ಎತ್ತಿಕೊಳ್ಳುವುದು. ಅಮಾನ್ಸಿಯೊ ಎರಡನ್ನೂ ಮಾಡಲಿಲ್ಲ.

ಅವರು ಮಾಡಿದ್ದೇನೆಂಬುದನ್ನು ತಿಳಿಯಲು ವಾದ್ಯದ ಗುಣವನ್ನು ಸ್ವಲ್ಪ ಅರಿಯಬೇಕು. ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಎಳೆಯ ಸುರುಳಿ ಇರುತ್ತದೆ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ನಾದ. ರಾಕ್ ವಾದಕರು ಬಹುಮಟ್ಟಿಗೆ ಗಟ್ಟಿಮರದ ಗಿಟಾರನ್ನು ಬಳಸುತ್ತಾರೆ. ವಿದ್ಯುತ್ತನ್ನು ಮಿತಿಮೀರಿ ಹಿಗ್ಗಿಸಿ ನಾದವನ್ನು ಬೇಕೆಂದೇ ಒಡೆಯುತ್ತಾರೆ. ಜಾಝ್ ವಾದಕರಿಗೆ ಒಡಲು ಟೊಳ್ಳಾದ ಗಿಟಾರ್ ಪ್ರಿಯ. ಅದರಲ್ಲಿ ತಂತಿಯೊಡನೆ ಮರವೂ ಉಸಿರಾಡುತ್ತದೆ. ನಾದ ದುಂಡಗೆ, ಬೆಚ್ಚಗೆ, ಮಣ್ಣಿನ ಗಡಿಗೆಯಲ್ಲಿ ನೀರು ತುಳುಕಿದಂತೆ ಬರುತ್ತದೆ. ಬೇಗನೆ ಆರಿಯೂ ಹೋಗುತ್ತದೆ. ಅಮಾನ್ಸಿಯೊ ಅವರ ನಾದ ಈ ಎರಡನೆಯ ಜಾತಿಯದು. ಮುದ್ರಿಕೆಗಳಲ್ಲಿ ಅದು ತಿಳಿಯಾಗಿ, ತುಸು ಕಪ್ಪಾಗಿ, ಅಂಚುಗಳಲ್ಲಿ ಮಾತ್ರ ಚೂಪಾಗಿ ಕೇಳಿಸುತ್ತದೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಉದುರುತ್ತದೆ. ವೇಗದಲ್ಲೂ ಒಂದನ್ನೊಂದು ತುಳಿಯುವುದಿಲ್ಲ.

ಇನ್ನೊಂದು ತೊಡಕೆಂದರೆ ಮೆಟ್ಟಿಲುಗಳದು. ಗಿಟಾರಿನ ಕುತ್ತಿಗೆಯ ಮೇಲೆ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿ ಸ್ವರಸ್ಥಾನಗಳನ್ನು ಗೊತ್ತುಮಾಡಿರುತ್ತಾರೆ. ಭಾರತೀಯ ಸಂಗೀತದ ಜೀವವಾದರೋ ಸ್ವರಗಳ ನಡುವಿನ ಜಾರಿನಲ್ಲಿದೆ. ನಮ್ಮ ವೀಣೆಗೂ ಈ ತೊಡಕು ಇದ್ದದ್ದೇ: ಅದರ ಇಪ್ಪತ್ನಾಲ್ಕು ಮೆಟ್ಟಿಲುಗಳು ಮೇಣದಲ್ಲಿ ಅಲುಗದೆ ಕುಳಿತಿರುತ್ತವೆ. ವೈಣಿಕರು ತಂತಿಯನ್ನು ಬದಿಗೆ ಎಳೆದು ಗಮಕವನ್ನು ಹೊರಡಿಸುತ್ತಾರೆ. ಗಿಟಾರಿನಲ್ಲೂ ತಂತಿಯನ್ನು ಎಳೆಯಬಹುದು. ಆದರೆ ವೀಣೆಯಷ್ಟು ಉದ್ದದ ಎಳೆತಕ್ಕೆ ಅಲ್ಲಿ ಎಡೆಯಿಲ್ಲ. ಆದ್ದರಿಂದ ಅಮಾನ್ಸಿಯೊ ಗಿಟಾರನ್ನು ವೀಣೆಯಾಗಿಸಲು ಹೆಣಗಲಿಲ್ಲ. ಭಾರತೀಯತೆಯನ್ನು ಅವರು ಎಳೆತದಲ್ಲಿ ಹುಡುಕದೆ ನಡೆಯಲ್ಲಿ ಹುಡುಕಿದರು: ಒಂದು ಸ್ವರಶ್ರೇಣಿಯನ್ನು ಹಿಡಿದು ಅದರೊಳಗೇ ಸುಳಿಯುವುದು, ಒಂದೇ ಸ್ವರಕ್ಕೆ ಮತ್ತೆ ಮತ್ತೆ ಬಂದು ನಿಲ್ಲುವುದು, ಸಣ್ಣದೊಂದು ಪಲುಕನ್ನು ತಿರುಗಿಸಿ ತಿರುಗಿಸಿ ಬೆಳೆಸುವುದು. ಧಾರವಾಡದ ಸಂಗೀತ ಕೇಳಿ ಬೆಳೆದವರಿಗೆ ಈ ನಡೆ ಹೊಸದೆನಿಸದು.

ಇದರ ಹಿಂದೆ ಗೋವೆಯದೇ ಒಂದು ಕಥೆಯಿದೆ. ಈ ಪುಟ್ಟ ನಾಡಿನಲ್ಲಿ ಸಂಗೀತಕ್ಕೆ ಎರಡು ಮನೆಗಳು. ಒಂದು ಇಗರ್ಜಿಯದು: ಪಿಟೀಲು, ಸ್ವರಲಿಪಿ, ಸಾಮೂಹಿಕ ಗಾಯನ. ಇನ್ನೊಂದು ದೇವಾಲಯದ್ದು: ಕೇಸರಬಾಯಿ ಕೇರ್ಕರ್, ಮೋಗೂಬಾಯಿ ಕುರ್ಡೀಕರ್ ಅವರಂಥ ಮಹಾನ್ ಗಾಯಕಿಯರು ಬೆಳೆದು ಬಂದ ಮನೆ. ಆ ಇಬ್ಬರಿಗೂ ಗುರುಗಳಾದ ಅಲ್ಲಾದಿಯಾ ಖಾನರ ಮಕ್ಕಳ ಬಳಿಯೇ ನಮ್ಮ ಮಲ್ಲಿಕಾರ್ಜುನ ಮನಸೂರರೂ ಕಲಿತರು. ಗೋವೆಯ ಈ ಎರಡನೆಯ ಮನೆಗೂ ಧಾರವಾಡಕ್ಕೂ ಹಾಗೆ ಒಂದೇ ಘರಾಣೆಯ ನಂಟು. ಇಗರ್ಜಿಯ ಮನೆಯ ಮಕ್ಕಳು ಎರಡನೆಯ ಮನೆಯ ಬಾಗಿಲನ್ನು ತಟ್ಟಿದ್ದು ಮಾತ್ರ ಬಹುಮಟ್ಟಿಗೆ ಗೋವೆಯಿಂದ ಹೊರಗೆ ಹೋದ ಮೇಲೆ. ಮಾಜೊರ್ಡಾದ ಆಂಥೊನಿ ಗೊನ್ಸಾಲ್ವಿಸ್ ಅದನ್ನು ವಾದ್ಯಮೇಳದಿಂದ ತಟ್ಟಿದರು. ಅಮಾನ್ಸಿಯೊ ಒಂದು ಗಿಟಾರಿನಿಂದ ತಟ್ಟಿದರು.

1969ರಲ್ಲಿ ಲಂಡನ್ನಿನ ಲ್ಯಾನ್ಸ್‌ಡೌನ್ ಸ್ಟುಡಿಯೋದಲ್ಲಿ, ಡೆನಿಸ್ ಪ್ರೆಸ್ಟನ್ ಎಂಬ ನಿರ್ಮಾಪಕರ ನೆರವಿನಿಂದ, ಅವರ ಮೊದಲ ಧ್ವನಿಮುದ್ರಿಕೆ ಸಿದ್ಧವಾಯಿತು. ಅದರ ಹೆಸರು ‘ಇಂಟೆಗ್ರೇಶನ್’. ಎರಡು ಒಂದಾಗುವುದು ಎಂದು ಅದರ ಅರ್ಥ. ಸ್ಯಾಕ್ಸೊಫೋನಿನಲ್ಲಿ ಡಾನ್ ರೆಂಡೆಲ್, ತುತ್ತೂರಿಯಲ್ಲಿ ಇಯಾನ್ ಕಾರ್, ಜೊತೆಗೆ ಬಾಸ್ ಮತ್ತು ಡ್ರಮ್. ಇಂಗ್ಲೆಂಡಿನ ಆ ಕಾಲದ ಶ್ರೇಷ್ಠ ಜಾಝ್ ವಾದಕರ ನಡುವೆ ಗೋವೆಯ ಕುಲದ ಒಬ್ಬ ಗಿಟಾರ್ ವಾದಕ. ಸಿತಾರ್ ಇಲ್ಲ, ತಬಲಾ ಇಲ್ಲ. ಆದರೂ ‘ಗ್ಯಾಂಜಿಸ್’ ಎಂಬ ರಚನೆಯನ್ನು ಕೇಳುವಾಗ ಕಿವಿಗೆ ಒಂದು ಪರಿಚಿತ ಗಾಳಿ ಸೋಕುತ್ತದೆ.

ಅದೇ ವರ್ಷ ಎರಡನೆಯ ಮುದ್ರಿಕೆಯೂ ಆಯಿತು: ‘ಹಮ್ ದೋನೋ’. ನಾವಿಬ್ಬರು ಎಂಬ ಈ ಹೆಸರಿನಲ್ಲಿ ಎರಡನೆಯವರು ಜೋ ಹ್ಯಾರಿಯಟ್. 1928ರಲ್ಲಿ ಜಮೈಕಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಈ ಸ್ಯಾಕ್ಸೊಫೋನ್ ವಾದಕರು ಅದಕ್ಕೂ ಮೊದಲೇ ಕಲಕತ್ತೆಯ ಜಾನ್ ಮೇಯರ್ ಅವರೊಡನೆ ಸೇರಿ ರಾಗ ಮತ್ತು ಜಾಝ್‌ಗಳ ಬೆಸುಗೆಗೆ ಕೈಹಾಕಿದ್ದವರು. ಮುಂಬಯಿಯಲ್ಲಿ ಹುಟ್ಟಿದ ಗೋವೆಯವನು, ಜಮೈಕಾದಲ್ಲಿ ಹುಟ್ಟಿದ ಕರಿಯನು. ಇಬ್ಬರದೂ ಅಲ್ಲದ ಒಂದು ನಗರದ ಸ್ಟುಡಿಯೋದಲ್ಲಿ ಅವರು ಎದುರುಬದುರು ನಿಂತರು. ಕೆಲವೆಡೆ ನಾರ್ಮಾ ವಿನ್‌ಸ್ಟನ್ ಎಂಬ ಗಾಯಕಿ ಪದಗಳಿಲ್ಲದೆ ಬರಿಯ ಸ್ವರದಲ್ಲಿ ಅವರೊಡನೆ ಹಾಡುತ್ತಾರೆ. ಯಾರ ಭಾಷೆಯೂ ಅಲ್ಲದ, ಆದ್ದರಿಂದಲೇ ಎಲ್ಲರದೂ ಆದ ಹಾಡು ಅದು. ಜಾಝ್‌ನ ಕ್ರಮ ಅರಿಯದವರು ಅಂಜಬೇಕಾಗಿಲ್ಲ. ಮೊದಲು ಎಲ್ಲರೂ ಕೂಡಿ ಒಂದು ವರಸೆಯನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನೋಧರ್ಮಕ್ಕೆ ತಕ್ಕಂತೆ ಬೆಳೆಸುತ್ತಾರೆ. ಕೊನೆಗೆ ಎಲ್ಲರೂ ಮೊದಲ ವರಸೆಗೆ ಮರಳುತ್ತಾರೆ. ಪಲ್ಲವಿ ಹಾಡಿ, ಸ್ವರಕಲ್ಪನೆ ಮಾಡಿ, ಮತ್ತೆ ಪಲ್ಲವಿಗೆ ಬರುವ ಗಾಯಕರನ್ನು ಕೇಳಿದವರಿಗೆ ಇಷ್ಟು ಸಾಕು.

ಆ ಮುದ್ರಿಕೆಯ ಒಂದು ರಚನೆಯ ಹೆಸರು ‘ಬ್ಯಾಲಡ್ ಫಾರ್ ಗೋವಾ’, ಗೋವೆಗೊಂದು ನಿಧಾನಗೀತೆ. ಹೆಂಡ್ರಿಕ್ಸನ ನಗರದಲ್ಲಿ, ಸದ್ದೇ ಸಾಮರ್ಥ್ಯವೆನಿಸಿಕೊಂಡ ಕಾಲದಲ್ಲಿ, ಗಿಟಾರ್ ವಾದಕನೊಬ್ಬ ತಾನು ಹುಟ್ಟದ, ಆದರೆ ತನ್ನದೆಂದು ಬಗೆದ ಊರಿನ ಹೆಸರು ಹೇಳಲು ದನಿಯನ್ನು ತಗ್ಗಿಸಿದ್ದು ಗಮನಿಸತಕ್ಕ ಸಂಗತಿ.

ಈ ತಗ್ಗಿದ ದನಿಗೆ ಹೊಂದುವ ಗೋವೆ ಯಾವುದು? ಪ್ರವಾಸಿಗರ ಕರಪತ್ರದಲ್ಲಿರುವ ಗೋವೆಯಂತೂ ಅಲ್ಲ. ರಿಬಂದರಿನ ಕಟ್ಟೆಯಿಂದ ದಿವಾಡಿ ದ್ವೀಪಕ್ಕೆ ಮಾಂಡವಿಯನ್ನು ದಾಟುವ ದೋಣಿಯಲ್ಲಿ ಅದು ಇಂದಿಗೂ ಇದೆ. ದ್ವಿಚಕ್ರ ವಾಹನಗಳು, ಮೀನಿನ ಬುಟ್ಟಿಗಳು, ಶಾಲೆಯ ಚೀಲ ಹೊತ್ತ ಮಕ್ಕಳು ಎಲ್ಲ ಒಟ್ಟಿಗೆ ನಿಂತಿರುತ್ತಾರೆ; ಎಂಜಿನ್ನಿನ ಗುಡುಗುಡು ಸದ್ದು ಶ್ರುತಿಯಂತೆ ಕೆಳಗೆ ಹಿಡಿದಿರುತ್ತದೆ; ಆಚೆಯ ದಡ ಅವಸರವಿಲ್ಲದೆ ಹತ್ತಿರವಾಗುತ್ತದೆ. ದಿವಾಡಿಯ ಗದ್ದೆಗಳ ನಡುವೆ ನಡೆದು ಹೋಗುವವರಿಗೆ ಸಂಜೆಯ ಇಗರ್ಜಿಯ ಗಂಟೆ ಕೇಳಿಸುತ್ತದೆ. ಸಾಷ್ಟಿಯ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ‘ಮಾಂಡೊ’ ಎಂಬ ಹಾಡಿನ ಗತಿಯೂ ಇಂಥದೇ. ಆರು ಮಾತ್ರೆಗಳ ನಿಧಾನ ಲಯ, ಅಗಲಿಕೆಯ ಭಾವ, ಜೊತೆಗೆ ಪಿಟೀಲು, ಗಿಟಾರ್ ಮತ್ತು ಘುಮಟ. ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದ ಘುಮಟವನ್ನು ದೇವಾಲಯದ ಆರತಿಯಲ್ಲೂ ನುಡಿಸುತ್ತಾರೆ, ಕ್ರೈಸ್ತರ ಮದುವೆಯ ಮನೆಯಲ್ಲೂ ನುಡಿಸುತ್ತಾರೆ. 2019ರಲ್ಲಿ ಗೋವಾ ಸರಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ಎರಡು ಮನೆಗಳ ನಡುವಿನ ಗೋಡೆಯನ್ನು ಈ ಮಡಕೆ ಬಹಳ ಹಿಂದೆಯೇ ದಾಟಿತ್ತು.

ಅಮಾನ್ಸಿಯೊ ಅವರ ನಿಧಾನಗೀತೆ ಮಾಂಡೊ ಅಲ್ಲ; ಅದನ್ನು ಹಾಗೆಂದು ಕರೆದರೆ ಎರಡಕ್ಕೂ ಅನ್ಯಾಯ. ಆದರೆ ಮಾಂಡೊವನ್ನು ಕೇಳಿದ ಮೇಲೆ ಆ ಗೀತೆಯನ್ನು ಕೇಳಿದರೆ, ಊರನ್ನು ಕಣ್ಣಾರೆ ಕಂಡು ಹಾಡುವುದಕ್ಕೂ ಊರನ್ನು ಮನಸ್ಸಿನಲ್ಲಿ ಹೊತ್ತು ನುಡಿಸುವುದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದರಲ್ಲಿ ಹೆಸರುಗಳಿವೆ, ಮುಖಗಳಿವೆ, ಘಟನೆಗಳಿವೆ. ಎರಡನೆಯದರಲ್ಲಿ ಇರುವುದು ದೂರ ಮಾತ್ರ. ಆ ದೂರವೇ ರಾಗವಾಗಿದೆ.

1972ರಲ್ಲಿ ‘ಕಾಸ್ಮಿಕ್ ಐ’ ಎಂಬ ತಂಡದ ಹೆಸರಿನಲ್ಲಿ ‘ಡ್ರೀಮ್ ಸೀಕ್ವೆನ್ಸ್’ ಎಂಬ ಮುದ್ರಿಕೆ ಹೊರಬಂತು. ಸಿತಾರ್, ತಬಲಾಗಳು ಇಲ್ಲಿ ಗಿಟಾರಿನೊಡನೆ ಸೇರಿಕೊಂಡವು. ಸುಲಭದ ದಾರಿಯಾಗಿದ್ದಾಗ ಬೇಡವೆಂದಿದ್ದ ವಾದ್ಯಗಳನ್ನು, ತನ್ನ ನಡೆ ಗಟ್ಟಿಯಾದ ಮೇಲೆ, ಅವರು ನೆರೆಹೊರೆಯವರಂತೆ ಒಳಗೆ ಕರೆದರು. ಜಾಝ್, ರಾಗ, ಆ ಕಾಲದ ಕನಸುಗಣ್ಣಿನ ರಾಕ್ ಈ ಮೂರರ ಗಡಿಯಲ್ಲಿ ನಿಂತ ದೀರ್ಘ ರಚನೆ ಅದು. ಇದೇ ಜಾತಿಯೆಂದು ಹೇಳಲು ಬಾರದು. ಅವರ ಕೃತಿಗಳಲ್ಲಿ ಅತ್ಯಂತ ಸಾಹಸದ್ದು ಇದೆಂದರೆ ತಪ್ಪಾಗದು. ಇಲ್ಲಿ ಗಿಟಾರ್ ಮುಂದಾಳಾಗಿ ಮೆರೆಯುವುದಿಲ್ಲ. ಒಮ್ಮೆ ಕಾಣಿಸಿಕೊಂಡು, ಒಮ್ಮೆ ಮರೆಯಾಗಿ, ಕಾಡಿನ ನಡುವಿನ ತೊರೆಯಂತೆ ಹರಿಯುತ್ತದೆ.

ಅದೇ ದಶಕದಲ್ಲಿ ಅವರು ಇನ್ನೊಂದು ಮುದ್ರಿಕೆಯನ್ನೂ ಸಿದ್ಧಪಡಿಸಿದರು. ಅದಕ್ಕೆ ‘ಕೊಂಕಣ್ ಡಾನ್ಸ್’ ಎಂದು ಹೆಸರು. ಅಷ್ಟು ಹೊತ್ತಿಗೆ ಗಾಳಿ ತಿರುಗಿತ್ತು. ಭಾರತದ ನಾದದ ಮೇಲಿನ ಹುಚ್ಚು ಇಳಿದಿತ್ತು. ಮುದ್ರಿಕೆ ಹೊರಬರಲಿಲ್ಲ. ಅಮಾನ್ಸಿಯೊ ಲಂಡನ್ನಿನಲ್ಲೇ ಉಳಿದು ಮುಂದಿನ ವರ್ಷಗಳಲ್ಲಿ ಮಕ್ಕಳಿಗೂ ತರುಣರಿಗೂ ಗಿಟಾರ್ ಕಲಿಸಿದರು. 1973ರಲ್ಲೇ ಜೋ ಹ್ಯಾರಿಯಟ್ ತೀರಿಕೊಂಡಿದ್ದರು. 1996ರಲ್ಲಿ ಅಮಾನ್ಸಿಯೊ ಕೂಡ ಕಣ್ಮುಚ್ಚಿದರು. ‘ಕೊಂಕಣ್ ಡಾನ್ಸ್’ ಕೇಳುಗರ ಕೈಸೇರಿದ್ದು 2006ರಲ್ಲಿ, ನುಡಿಸಿದ ಕೈ ಇಲ್ಲವಾಗಿ ಹತ್ತು ವರ್ಷಗಳಾದ ಮೇಲೆ. ಬಹುಕಾಲ ಅಂಗಡಿಗಳಲ್ಲಿ ದೊರೆಯದೆ, ಹಳೆಯ ತಟ್ಟೆಗಳ ಸಂಗ್ರಾಹಕರ ನಡುವೆ ಮಾತ್ರ ಕೈಬದಲಾಗುತ್ತಿದ್ದ ‘ಹಮ್ ದೋನೋ’ ಕೂಡ ಈ ಶತಮಾನದಲ್ಲಿ ಮರುಮುದ್ರಣ ಕಂಡಿತು.

ಊರಿನ ಹೆಸರು ಹೊತ್ತ ಸಂಗೀತವೊಂದು ಮೂವತ್ತು ವರ್ಷ ಪೆಟ್ಟಿಗೆಯಲ್ಲಿ ಮಲಗಿತ್ತೆಂಬ ಮಾತು ಕೇಳಲು ಸಣ್ಣದು. ಆದರೆ ಯೋಚಿಸಿದರೆ ಎದೆ ಭಾರವಾಗುತ್ತದೆ. ಇಗರ್ಜಿಯ ಶಾಲೆಯ ಮಗು ಕಲಿತದ್ದು, ಹಡಗಿನಲ್ಲಿ ಹೊತ್ತು ಒಯ್ದದ್ದು, ಮುಂಬಯಿಯ ಹೋಟೆಲಿನಲ್ಲಿ ಉಜ್ಜಿ ಬೆಳಗಿದ್ದು, ಲಂಡನ್ನಿನಲ್ಲಿ ಹೊಸದಾಗಿ ಕಟ್ಟಿದ್ದು ಎಲ್ಲವೂ ಕೇಳುವ ಕಿವಿಯಿಲ್ಲದೆ ಕಳೆದುಹೋಗಬಹುದಿತ್ತು. ಉಳಿದದ್ದು ಯಾರೋ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ಮನೆಮಾತಿನ ಕತೆಯೂ ಹೀಗೆಯೇ. ಬೇರೆ ನಾಡಿನಲ್ಲಿ ಅದು ದಿನವೂ ಬಳಕೆಗೆ ಬರದಿರಬಹುದು. ಪೇಟೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಹಿಂದಿ ಸಾಕಾಗಬಹುದು. ಕನ್ನಡ ಶಾಲೆಗೆ ಮಗುವನ್ನು ಕಳಿಸುವ ತಂದೆತಾಯಿ ಮಾಡುತ್ತಿರುವುದು ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಳ್ಳುವ ಕೆಲಸ. ಒಂದು ವ್ಯತ್ಯಾಸವಿದೆ: ಪೆಟ್ಟಿಗೆಯೊಳಗಿನದನ್ನು ಆಗಾಗ ತೆಗೆದು ನುಡಿಸಲೂಬೇಕು, ಹೊಸ ನೆಲದ ವಾದ್ಯಗಳ ಜೊತೆ ನುಡಿಸಲೂಬೇಕು. ಬೀಗ ಹಾಕಿಟ್ಟದ್ದು ಉಳಿಯಬಹುದು, ಬೆಳೆಯದು.

ಮಕ್ಕಳಿಗೆ ಇದನ್ನು ಕೇಳಿಸಬೇಕೆನ್ನುವವರಿಗೆ ದುಬಾರಿ ಸಲಕರಣೆ ಬೇಕಿಲ್ಲ. ಪಣಜಿಯ ಕಾಂಪಾಲಿನಲ್ಲಿ, ಮಾಂಡವಿಯ ದಡದ ಮೇಲೆ, ಗೋವೆಯ ಕುಲದವರೇ ಆದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ ಕಲಾ ಅಕಾಡೆಮಿಯ ಕಟ್ಟಡವಿದೆ. ಭಾರತೀಯ ಮತ್ತು ಪಾಶ್ಚಾತ್ಯ ಸಂಗೀತಗಳೆರಡನ್ನೂ ಆ ಸಂಸ್ಥೆ ಕಲಿಸುತ್ತದೆ. ಒಂದು ಭಾನುವಾರ ಅಲ್ಲಿಗೆ ಹೋಗಿ, ನದಿಯ ದಂಡೆಯಲ್ಲಿ ಕುಳಿತು, ಕೈಯಲ್ಲಿರುವ ಫೋನಿನಲ್ಲೇ ಮೊದಲು ಮಲ್ಲಿಕಾರ್ಜುನ ಮನಸೂರರ ಒಂದು ಖ್ಯಾಲ್, ಬಳಿಕ ಒಂದು ಮಾಂಡೊ, ಕೊನೆಗೆ ‘ಬ್ಯಾಲಡ್ ಫಾರ್ ಗೋವಾ’ ಕೇಳಿಸಬಹುದು. ಮೊದಲ ಸಲ ಮಗು ಆಕಳಿಸಿದರೆ ಬೇಸರಪಡಬೇಕಾಗಿಲ್ಲ. ಗಿಟಾರ್ ಎಲ್ಲಿ ನಿಲ್ಲುತ್ತದೆ, ಯಾವ ಸ್ವರಕ್ಕೆ ಮತ್ತೆ ಮತ್ತೆ ಮರಳುತ್ತದೆ ಎಂದು ಎಣಿಸಲು ಹೇಳಿದರೆ ಎರಡನೆಯ ಸಲ ಅದು ಕಿವಿಗೊಡುತ್ತದೆ. ಮರಳುವ ಸ್ವರವನ್ನು ಗುರುತಿಸಿದ ಮಗುವಿಗೆ ಸಂಗೀತದ ಮನೆಯೊಳಗೆ ಕಾಲಿಟ್ಟಂತೆಯೇ.

ಮುಂದಿನ ರಜೆಯಲ್ಲಿ ಗಾಡಿ ಮತ್ತೆ ವಾಸ್ಕೋದಿಂದ ಹೊರಡುತ್ತದೆ. ದಾಬೋಳಿ, ಸಾಂಕ್ವಾಳ, ಕಾಣಸಾವ್ಳೆ. ಆಮೇಲೆ ಮಾಜೊರ್ಡಾ, ಮಡಗಾಂವ್, ಚಾಂದರ್, ಸಾವರ್ಡೆಂ. ಕುಳೆಂನಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸಿಕೊಂಡು, ಹಿಂದಿನಿಂದ ತಳ್ಳಿಸಿಕೊಂಡು, ಗಾಡಿ ನಿಧಾನವಾಗಿ ಘಟ್ಟ ಹತ್ತುತ್ತದೆ. ಎದುರಿನ ಆಸನದಲ್ಲಿ ಯಾರೋ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. ಊರು ಯಾವುದೆಂದು ಕೇಳಿಯೇ ಕೇಳುತ್ತಾಳೆ. ಈ ಸಲ ಮಗು ವಾಸ್ಕೋ ಎಂದರೆ ತಾಯಿ ತಿದ್ದದಿರಬಹುದು. ಬಾದಾಮಿಯ ಹೆಸರನ್ನೂ ಮಗುವೇ ಅದರ ಪಕ್ಕದಲ್ಲಿಟ್ಟು, "ಎರಡೂ ನಮ್ಮೂರೇ, ಅಜ್ಜಿ," ಎಂದರೂ ಎನ್ನಬಹುದು.